500ಡಿ ಬಸ್ಸಿನಲ್ಲಿ ‘ಪ್ರೆಸೆನ್ಸ್’

ಸಂಜೆ ಹೊತ್ತು ಹೆಬ್ಬಾಳದಲ್ಲಿ 500ಡಿ ಹತ್ತಿದರೆ ಸಿಲ್ಕ್ ಬೋರ್ಡ್ ಮುಟ್ಟುವಷ್ಟರಲ್ಲಿ ಒಂದು ಆಲ್ಬಮ್ ಪೂರ್ತಿ ಎರಡು ಸಲ ಕೇಳಬಹುದು. ಈ ಮಳೆಗಾಲದಲ್ಲಿ ನಾನು ಕೇಳಿದ್ದು ಒಂದನ್ನೇ. ಬ್ರಿಟನ್ನಿನ ರಾಕ್ ಬ್ಯಾಂಡ್ ಲೆಡ್ ಜೆಪೆಲಿನ್‌ನ ‘ಪ್ರೆಸೆನ್ಸ್’. 1976ರದ್ದು. ಏಳು ಹಾಡು.

ಬೆಂಗಳೂರಲ್ಲಿ ಜೆಪೆಲಿನ್ ಹುಚ್ಚಿನವರಿಗೇನೂ ಕಮ್ಮಿ ಇಲ್ಲ. ಆದರೆ ಯಾರನ್ನು ಕೇಳಿದರೂ ನಾಲ್ಕನೇ ಆಲ್ಬಮ್ ಅಂತಾರೆ, ಇಲ್ಲಾ ‘ಫಿಸಿಕಲ್ ಗ್ರಾಫಿಟಿ’. ಕಾಲೇಜಲ್ಲಿ ನನ್ನ ರೂಮ್‌ಮೇಟ್, ‘ಪ್ರೆಸೆನ್ಸಾ? ಬಿಡೋ, ಅದರಲ್ಲಿ ಏನೂ ಇಲ್ಲ’ ಅಂದಿದ್ದ. ನಾನೂ ಒಂದು ಸಲ ಕೇಳಿ ಬಿಟ್ಟಿದ್ದೆ. ಮೊದಲ ಸಲ ಒಣಒಣ ಅನ್ನಿಸುವುದು ನಿಜ. ಕೀಬೋರ್ಡ್ ಇಲ್ಲವೇ ಇಲ್ಲ. ಬೇರೆ ಆಲ್ಬಮ್‌ಗಳಲ್ಲಿ ಜೋರು ಹಾಡುಗಳ ನಡುವೆ ಬರುವ ಮೆತ್ತನೆಯ ಹಾಡೂ ಇಲ್ಲ.

ಅದಕ್ಕೆ ಕಾರಣ ಇದೆ. 1975ರ ಆಗಸ್ಟ್‌ನಲ್ಲಿ ಗ್ರೀಸಿನ ರೋಡ್ಸ್ ದ್ವೀಪದಲ್ಲಿ ಬ್ಯಾಂಡಿನ ಗಾಯಕ ರಾಬರ್ಟ್ ಪ್ಲಾಂಟ್ ಮತ್ತು ಅವನ ಮನೆಯವರಿದ್ದ ಕಾರು ಅಪಘಾತಕ್ಕೆ ಸಿಕ್ಕಿತು. ಅವನ ಕಾಲು ಮುರಿಯಿತು, ಹೆಂಡತಿಗೆ ತುಂಬ ಪೆಟ್ಟಾಯಿತು, ಮುಂದಿನ ಟೂರ್ ನಿಂತೇಹೋಯಿತು. ನವೆಂಬರ್‌ನಲ್ಲಿ ಮ್ಯೂನಿಕ್‌ನ ಒಂದು ಹೋಟೆಲಿನ ಕೆಳಗಿದ್ದ ಸ್ಟುಡಿಯೋದಲ್ಲಿ ಅವನು ವೀಲ್‌ಚೇರ್‌ನಲ್ಲಿ ಕೂತೇ ಹಾಡಿದ. ಅವರಾದ ಮೇಲೆ ರೋಲಿಂಗ್ ಸ್ಟೋನ್ಸ್ ಆ ಸ್ಟುಡಿಯೋಗೆ ಬರುವವರಿದ್ದರು. 18 ದಿನದಲ್ಲಿ ಎಲ್ಲ ಮುಗಿಸಿದರು. ಅಲಂಕಾರಕ್ಕೆ ಪುರುಸೊತ್ತೆಲ್ಲಿ?

ಮೊದಲ ಹಾಡು ‘ಅಕಿಲೀಸ್ ಲಾಸ್ಟ್ ಸ್ಟ್ಯಾಂಡ್’ ಹತ್ತು ನಿಮಿಷಕ್ಕೂ ಜಾಸ್ತಿ. ಮೊದಮೊದಲು ನಾನು ಪ್ಲಾಂಟ್‌ನ ದನಿಯ ಹಿಂದೆಯೇ ಹೋಗುತ್ತಿದ್ದೆ, ಅರ್ಧಕ್ಕೇ ಗಮನ ತಪ್ಪುತ್ತಿತ್ತು. ಒಂದು ದಿನ ಮಾರತಹಳ್ಳಿ ಹತ್ತಿರ ಬಸ್ಸು ಅಲ್ಲಾಡದೆ ನಿಂತಿತ್ತು. ಸುಮ್ನೆ ಜಾನ್ ಬಾನಮ್‌ನ ಡ್ರಮ್ಸ್ ಒಂದನ್ನೇ ಹಿಡಿದುಕೊಂಡು ಹೋದೆ. ಅಬ್ಬಾ! ಅದರ ಜೊತೆಗೇ ಓಡುವ ಎಂಟು ತಂತಿಯ ಬೇಸ್ ಗಿಟಾರ್ ಆಮೇಲೆ ಸಿಕ್ಕಿತು, ಅದರ ಮೇಲೆ ಜಿಮ್ಮಿ ಪೇಜ್ ಒಂದರ ಮೇಲೊಂದು ಹೇರಿದ ಗಿಟಾರ್‌ಗಳು ಮರುದಿನ ಸಿಕ್ಕವು, ಅದರ ಮರುದಿನ ಒಂದೊಂದನ್ನೇ ಬಿಡಿಸಿ ಕೇಳುತ್ತಾ ಕೂತೆ. ಆ ಗಿಟಾರ್ ಅಷ್ಟನ್ನೂ ಪೇಜ್ ಒಂದೇ ರಾತ್ರಿಯಲ್ಲಿ ನುಡಿಸಿ ಸೇರಿಸಿದನಂತೆ.

‘ನೋಬಡೀಸ್ ಫಾಲ್ಟ್ ಬಟ್ ಮೈನ್’ನಲ್ಲಿ ಎಲ್ಲರೂ ಒಟ್ಟಿಗೆ ಗಕ್ಕನೆ ನಿಲ್ಲುತ್ತಾರೆ, ಮತ್ತೆ ಒಟ್ಟಿಗೇ ಬೀಳುತ್ತಾರೆ. ಯಾವಾಗ ಬೀಳುತ್ತಾರೆ ಅಂತ ಈಗ ಬಾಯಿಪಾಠ ಆಗಿದ್ದರೂ ಉಸಿರು ಹಿಡಿದೇ ಕಾಯುತ್ತೇನೆ. ‘ಫಾರ್ ಯುವರ್ ಲೈಫ್’ ಅನ್ನಂತೂ ಅವರು ವೇದಿಕೆಯಲ್ಲಿ ಮೊದಲ ಸಲ ನುಡಿಸಿದ್ದು 2007ರಲ್ಲಿ, ಲಂಡನ್‌ನಲ್ಲಿ. ಇಂಥ ಹಾಡನ್ನು ಅಷ್ಟು ವರ್ಷ ಹೇಗೆ ಸುಮ್ಮನೆ ಬಿಟ್ಟರೋ! ‘ಕ್ಯಾಂಡಿ ಸ್ಟೋರ್ ರಾಕ್’ ಮಾತ್ರ ನನಗೆ ಇನ್ನೂ ಹಿಡಿಸಿಲ್ಲ.

ಕೊನೆಯದು ‘ಟೀ ಫಾರ್ ಒನ್’. ಜೋರಾಗಿ ಶುರುವಾಗಿ, ಕೆಲವೇ ಸೆಕೆಂಡಿನಲ್ಲಿ ನಿಧಾನದ ಬ್ಲೂಸ್‌ಗೆ ಇಳಿದುಬಿಡುತ್ತದೆ. ಹಾಡಿನಲ್ಲಿ, ಮನೆಯಿಂದ ದೂರ ಒಬ್ಬನೇ ಕೂತವನಿಗೆ ಹೊತ್ತೇ ಹೋಗುತ್ತಿಲ್ಲ. ಪೇಜ್ ಕೂಡ ಅವಸರ ಮಾಡುವುದಿಲ್ಲ, ಒಂದು ಸ್ವರ ಪೂರ್ತಿ ಕರಗಿದ ಮೇಲೇ ಇನ್ನೊಂದು. ನಿನ್ನೆ ಸಿಲ್ಕ್ ಬೋರ್ಡ್ ಬಂದಾಗ ಇನ್ನೂ ಮೂರು ನಿಮಿಷ ಬಾಕಿ ಇತ್ತು. ಇಳಿದು, ಫ್ಲೈಓವರ್ ಕೆಳಗೆ ಮಳೆಗೆ ನಿಂತವರ ಜೊತೆ ನಿಂತು, ಪೂರ್ತಿ ಕೇಳಿಯೇ ಮನೆ ಕಡೆ ಹೊರಟೆ.