ಹಳತರ ರೇಟ್ ಎಷ್ಟು?

ಮಂಗಳವಾರ ಸಂಜೆ ಅಪ್ಪಚ್ಚಿ (ಚಿಕ್ಕಪ್ಪ) ಫೋನಿಗೆ ಹೇಳಿದ್ದು ಮೂರೇ ಶಬ್ದ. "ಹಳತರ ರೇಟ್ ಎಷ್ಟು?"

ನಮ್ಮ ಕಾಸರಗೋಡಿನಲ್ಲಿ ಬದಿಯಡ್ಕದಿಂದ ಕುಂಬಳೆವರೆಗೆ ಯಾರನ್ನು ಬೇಕಾದರೂ ಕೇಳಿ, ಇದಕ್ಕೆ ಒಂದೇ ಅರ್ಥ. ಹಿಂದಿನ ವರ್ಷದ ಕೊಯ್ಲಿನ, ದಾಸ್ತಾನು ಇಟ್ಟ ಚಾಲಿಗೆ, ಅಂದರೆ ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆಗೆ, ಇವತ್ತು ಎಷ್ಟು ಸಿಗುತ್ತದೆ ಅಂತ. ಕೇಳಿದ್ದಕ್ಕೆ ದರ ಹುಡುಕಿ ಹೇಳಲಿ ಅಂತ ನಾನು ಫೋನಿನಲ್ಲಿ ಮಾಡಿಕೊಟ್ಟ AI ಏಜೆಂಟ್ ಮಾತ್ರ ಕಳೆದ ವರ್ಷ ಇದೇ ದಿನ ಇದ್ದ ದರವನ್ನು ಚಂದ ಮಾಡಿ ಓದಿತು. ಹಳೆಯ ರೇಟು, ಅಲ್ವಾ! ಕಿಲೋಗೆ 50 ರೂಪಾಯಿ ಇಳಿದುಹೋಯಿತು ಅಂದುಕೊಂಡು ಅವರು ಮರುದಿನಕ್ಕೆ ಹೇಳಿಟ್ಟಿದ್ದ ಪಿಕಪ್ಪನ್ನು ಬೇಡ ಅಂದುಬಿಟ್ಟರು. ರಾತ್ರಿ ಪಕ್ಕದ ಮನೆಯವರ ಹತ್ತಿರ ಮಾತಾಡುವಾಗಲೇ ಗೊತ್ತಾದದ್ದು.

ಬೈಯಲಿಲ್ಲ. "ಹಳತು ಅಂದ್ರೆ ಎಂತ ಅಂತ ನೀನು ಅದಕ್ಕೆ ಹೇಳಿದ್ದೆಯಾ?" ಅಂತ ಕೇಳಿದರು, ಅಷ್ಟೇ.

ಹೇಳಿರಲಿಲ್ಲ. ಏಜೆಂಟಿಗೆ ಎರಡು ಟೂಲ್, ಅಂದರೆ ಬೇಕಾದಾಗ ಅದು ಕರೆದು ದರ ತರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಂ, ಕೊಟ್ಟಿದ್ದೆ. ಒಂದಕ್ಕೆ "ಅಡಿಕೆ ದರ ಕೊಡುತ್ತದೆ" ಅಂತ ವಿವರಣೆ, ಇನ್ನೊಂದಕ್ಕೆ "ಹಳೆಯ ದರ ಕೊಡುತ್ತದೆ" ಅಂತ. ಟೂಲಿನ ಒಳಗೆ ನಾನು ಬರೆದ ಕೋಡ್ ಏಜೆಂಟಿನ ತಲೆಯಾಗಿರುವ ಭಾಷಾ ಮಾಡೆಲ್‌ಗೆ ಕಾಣುವುದಿಲ್ಲ. ಅದರ ಕಣ್ಣಿಗೆ ಬೀಳುವುದು ಟೂಲಿನ ಹೆಸರು, ವಿವರಣೆ, ಏನೇನು ಮಾಹಿತಿ ಕೊಡಬೇಕು ಅನ್ನುವ ಪಟ್ಟಿ, ಇಷ್ಟೇ. ಅಷ್ಟನ್ನು ಓದಿಯೇ ಯಾವುದನ್ನು ಕರೆಯಬೇಕು ಅಂತ ತೀರ್ಮಾನ ಮಾಡುತ್ತದೆ. "ಹಳತು" ಕೇಳಿತು, "ಹಳೆಯ" ಅಂತ ಇದ್ದದ್ದನ್ನು ಕರೆಯಿತು. ಅದರ ಮೇಲೆ ನನ್ನ ಇನ್ನೊಂದು ಜಾಣತನ: ದಿನಾಂಕ ಕೊಡದಿದ್ದರೆ ಸುಮ್ನೆ ಒಂದು ವರ್ಷ ಹಿಂದಿನದು ತೆಗೆದುಕೊಳ್ಳಲಿ ಅಂತ ಒಳಗೆ ಬರೆದಿಟ್ಟಿದ್ದೆ. ಹಾಗಾಗಿ ಎಲ್ಲಿಯೂ ಎಡವದೆ, ಒಂದು ಎರರ್ ಕೂಡ ತೋರಿಸದೆ ತಪ್ಪು ಉತ್ತರ ಬಂತು.

ಬೆಂಗಳೂರಿನ ಸಹೋದ್ಯೋಗಿಗೆ ಹೇಳಿದರೆ "ದೊಡ್ಡ ಮಾಡೆಲ್ ಹಾಕು, ಸರಿ ಹೋಗುತ್ತೆ" ಅಂದ. ಒಳ್ಳೆ ಹುಡುಗ, ಆದರೆ ಅವನಿಗೆ ಎಲ್ಲದಕ್ಕೂ ಔಷಧ ಅದೊಂದೇ. ಎಷ್ಟು ದೊಡ್ಡದಾದರೂ ನಮ್ಮ ಅಂಗಳದಲ್ಲಿ ಅಡಿಕೆ ಒಣಗಿಸಿದ್ದಲ್ಲವಲ್ಲ ಅದು.

ಹಾಗಂತ ಅಪ್ಪಚ್ಚಿ ಏನು ಕಡಿಮೆಯವರಲ್ಲ. ಕೆಲಸಕ್ಕೆ ಹೊಸಬರು ಬಂದರೆ "ಆ ಚೀಲ ಅಲ್ಲಿಡು" ಅಂತ ಹೇಳಿ ತೋಟಕ್ಕೆ ಹೋಗಿಬಿಡುತ್ತಾರೆ. ಒಮ್ಮೆ ಒಬ್ಬ ಹುಡುಗ ಹೊಸತಿನ ಚೀಲಗಳನ್ನು ಹಳತಿನ ಕೋಣೆಗೆ ಹಾಕಿದ್ದ, ದಿನವಿಡೀ ಅವನಿಗೆ ಬೈಗುಳ. ಯಾವ ಚೀಲ, ಎಲ್ಲಿ ಅಂತ ಅವನಿಗೆ ಯಾರು ಹೇಳಿದ್ದರು? ಆಗ ನಾನೂ ನಕ್ಕಿದ್ದೆ, ಈಗ ನೆನೆಸಿಕೊಂಡರೆ ಸರಿ ಅನ್ನಿಸುವುದಿಲ್ಲ.

ಕಾಸರಗೋಡಿನವರಿಗೆ ಇದು ಮೊದಲೇ ಹೊಳೆಯಬೇಕಿತ್ತು. ಮಲಯಾಳದಲ್ಲಿ ಅವಸರ ಅಂದರೆ ಅವಕಾಶ, ಸಂಸಾರ ಅಂದರೆ ಮಾತು. 1956ರಿಂದ ಕೇರಳದಲ್ಲಿದ್ದೇವೆ, ಕಚೇರಿಯಲ್ಲಿ ಒಂದು, ಮನೆಯಲ್ಲಿ ಒಂದು, ಪೇಟೆಯಲ್ಲಿ ತುಳು. ಎದುರಿಗಿರುವವರ ಮುಖ ನೋಡಿ ಅರ್ಥ ಬದಲಾಯಿಸಿಕೊಳ್ಳುವುದು ನಮಗೆ ಎಷ್ಟು ಅಭ್ಯಾಸವಾಗಿದೆ ಅಂದರೆ, ಬದಲಾಯಿಸಿಕೊಳ್ಳುತ್ತಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ. ಯಾವಾಗಲೂ ಕೇಳುವವನೇ ಸರಿ ಮಾಡಿಕೊಳ್ಳಲಿ ಅಂತ ಬಿಡುವ ಸೋಮಾರಿತನವೂ ಅದರ ಜೊತೆಗೇ ಬಂದಿರಬೇಕು. ನನ್ನಲ್ಲಂತೂ ಉಂಟು.

ಬುಧವಾರ ಕೂತು ಎರಡನ್ನೂ ಹೊಸದಾಗಿ ಬರೆದೆ. "ಇವತ್ತಿನ ಖರೀದಿ ದರ, ಕಿಲೋಗೆ ರೂಪಾಯಿಯಲ್ಲಿ. ವಿಧ ಕಡ್ಡಾಯ: ಹೊಸತು, ಹಳತು, ಡಬಲ್ ಚೋಲ್ (ಇನ್ನೂ ಹಳೆಯ ದಾಸ್ತಾನು). ಹಳತು ಅಂದರೆ ದಾಸ್ತಾನು ಇಟ್ಟ ಅಡಿಕೆ, ಹಿಂದಿನ ದಿನಗಳ ದರ ಅಲ್ಲ." ಇನ್ನೊಂದಕ್ಕೆ, "ಕೇಳಿದವರು ಹಿಂದಿನ ದಿನ ಅಥವಾ ತಿಂಗಳು ಹೇಳಿದರೆ ಮಾತ್ರ ಬಳಸು." ದಿನಾಂಕ ಇಲ್ಲದೆ ಕರೆದರೆ ಈಗ ದರ ಬರುವುದಿಲ್ಲ, "ಯಾವ ದಿನದ್ದು ಅಂತ ಕೇಳು" ಅನ್ನುವ ಸಂದೇಶ ಬರುತ್ತದೆ. ಕೋಡಿನಲ್ಲಿ ಬದಲಾದದ್ದು ನಾಲ್ಕು ಸಾಲು, ಈ ವಾಕ್ಯಗಳಿಗೆ ಮಧ್ಯಾಹ್ನದವರೆಗೆ ಹಿಡಿಯಿತು.

ಸಂಜೆ ಅಪ್ಪಚ್ಚಿಗೆ ಫೋನ್ ಕೊಟ್ಟೆ. ಅದೇ ಮೂರು ಶಬ್ದ ಕೇಳಿದರು, ಇವತ್ತಿನ ದರ ಬಂತು. ಒಂದು ಕ್ಷಣ ನನ್ನ ಮುಖ ನೋಡಿ ಮತ್ತೆ ಫೋನಿಗೆ ಬಾಯಿ ಕೊಟ್ಟರು.

"ಪಟೋರಕ್ಕೆ?"

ಪಟೋರ ಅನ್ನುವ ಅಡಿಕೆ ದರ್ಜೆ ನನ್ನ ಪಟ್ಟಿಯಲ್ಲಿ ಇರಲಿಲ್ಲ.