ಜಾಸ್ತಿ ಓಡಿದ ಕುದುರೆ ಯಾಕೆ ಗೆಲ್ಲಲಿಲ್ಲ?

ವರ್ಕಿಂಗ್ ಈಕ್ವಿಟೇಶನ್, ಅಂದರೆ ದನ ಕಾಯುವವರ ಕುದುರೆ ಸವಾರಿ ಸ್ಪರ್ಧೆಯ ವಿಡಿಯೊ ಯಾರಿಗೆ ತೋರಿಸಿದರೂ ನಮ್ಮ ವಿಜಯಪುರದಲ್ಲಿ ಕೊನೆಗೆ ಬರುವ ಪ್ರಶ್ನೆ ಒಂದೇ. “ಅಲ್ರೀ ಸರ, ಎಲ್ಲಾರಕಿಂತ ಜೋರ್ ಓಡಿದ್ದು ಆ ಕೆಂಪು ಕುದರಿ. ಬಹುಮಾನ ಯಾಕ್ರೀ ಬ್ಯಾರೆದಕ್ಕ ಕೊಟ್ರು?” ಕೇಳೋದು ಸಹಜ. ನಮ್ಮ ಕಡೆ ಕುದುರೆ ಸ್ಪರ್ಧೆ ಅಂದರೆ ಜಾತ್ರೆಯ ಗಾಡಿ ಶರ್ಯತ್ತು. ಮುಂದೆ ಬಂದವನು ಗೆದ್ದ, ಅಲ್ಲಿಗೆ ಮುಗೀತು.

ಇಲ್ಲೂ ಓಟ ಇದೆ. ಆದರೆ ಅದು ಒಂದು ಸುತ್ತು ಮಾತ್ರ, ಅದೂ ಮೊದಲ ಸುತ್ತಲ್ಲ.

ಪೋರ್ಚುಗಲ್, ಸ್ಪೇನ್, ಇಟಲಿ, ಫ್ರಾನ್ಸ್ ಕಡೆ ಕುದುರೆ ಮೇಲೆ ಕೂತು ದನ ಕಾಯುವುದು ಹಳೇ ಕಸುಬು. ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈಯಲ್ಲಿ ಹೋರಿ ತಿರುಗಿಸುವ ಉದ್ದನೆ ಕೋಲು. ಆ ಕೋಲಿಗೆ ಸ್ಪೇನಿನಲ್ಲಿ ಗರೋಚಾ ಅಂತಾರೆ. ಈ ಕಸುಬಿನ ಸವಾರಿ ಮರೆತು ಹೋಗಬಾರದು ಅಂತ ಅದನ್ನೇ ಸ್ಪರ್ಧೆ ಮಾಡಿದರು. 1996ರಲ್ಲಿ ಇಟಲಿಯಲ್ಲಿ ಮೊದಲ ಯುರೋಪಿಯನ್ ಚಾಂಪಿಯನ್‌ಶಿಪ್ ನಡೆಯಿತು, 2004ರಲ್ಲಿ ಇದಕ್ಕೊಂದು ಅಂತರರಾಷ್ಟ್ರೀಯ ಸಂಸ್ಥೆಯೂ ಬಂತು.

ಮೊದಲು ಡ್ರೆಸಾಜ್. ಬಯಲಲ್ಲಿ ಯಾವ ಅಡೆತಡೆಯೂ ಇಲ್ಲದೆ ಕುದುರೆ ನಡಿಗೆ, ದುಡುಕಿ (ಕುಕ್ಕುಲೋಟ), ನಾಗಾಲೋಟ ಬದಲಿಸುತ್ತಾ ಸವಾರನ ಮಾತು ಎಷ್ಟು ಕೇಳುತ್ತೆ ಅಂತ ನೋಡುತ್ತಾರೆ. ಎರಡನೆಯದು ಅಡೆತಡೆಗಳ ಸುತ್ತು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಸೇತುವೆ, ಡ್ರಮ್ಮುಗಳ ಸುತ್ತ ಎಂಟರ ಆಕಾರ, ಕಂಬಗಳ ನಡುವೆ ಹಾವಿನಂಥ ದಾರಿ, ಕಿರಿದಾದ ಓಣಿಯೊಳಗೆ ಹೋಗಿ ಗಂಟೆ ಬಾರಿಸಿ ಹಿಂದೆ ಹಿಂದೆ ಬರುವುದು. ಇಲ್ಲಿ ಗಡಿಯಾರಕ್ಕೆ ಕೆಲಸ ಕಡಿಮೆ. ಒಂದೊಂದು ಅಡೆತಡೆ ಎಷ್ಟು ನಯವಾಗಿ ದಾಟಿದಿರಿ ಅಂತ ಹತ್ತಕ್ಕೆ ಅಂಕ.

ಗೇಟನ್ನೇ ತಗೊಳ್ಳಿ. ಸವಾರ ಕುದುರೆಯನ್ನು ಗೇಟಿಗೆ ಪಕ್ಕ ಕೊಟ್ಟು ನಿಲ್ಲಿಸಬೇಕು. ಜೀನಿನ ಮೇಲಿಂದ ಬಗ್ಗದೆ, ಒದ್ದಾಡದೆ ಚಿಲಕ ತೆಗೀಬೇಕು. ಗೇಟು ತೆರೆದು ಒಳಗೆ ಹೋಗಿ, ಕುದುರೆ ತಿರುಗಿಸಿ, ಎರಡು ಹೆಜ್ಜೆ ಹಿಂದೆ ಸರಿಸಿ ಮತ್ತೆ ಚಿಲಕ ಹಾಕುವ ತನಕ ಗೇಟಿನಿಂದ ಕೈ ಬಿಡುವ ಹಾಗಿಲ್ಲ. ಯಾಕೆ ಅಂದರೆ ಹೊಲದಲ್ಲಿ ಕೈ ಬಿಟ್ಟರೆ ಗೇಟು ಹಾರು ಹೊಡೆಯುತ್ತೆ, ಆ ಸಂದಿಯಲ್ಲಿ ದನ ಹೊರಗೆ ನುಗ್ಗುತ್ತವೆ. ಬೆದರುವ, ಚಡಪಡಿಸುವ ಕುದುರೆ ಎಷ್ಟೇ ಜೋರಾಗಿ ಓಡಲಿ, ಈ ಗೇಟಿನ ಹತ್ತಿರ ಅದರ ಬಣ್ಣ ಬಯಲಾಗುತ್ತೆ. ಒಂದೇ ಅಡೆತಡೆಗೆ ಮೂರು ಸಲ ಒಲ್ಲೆ ಅಂದರೆ ಸ್ಪರ್ಧೆಯಿಂದಲೇ ಹೊರಗೆ.

ಮೂರನೆಯದು ವೇಗದ ಸುತ್ತು. ಹೆಚ್ಚುಕಡಿಮೆ ಅವೇ ಅಡೆತಡೆಗಳು, ಈಗ ಗಡಿಯಾರ ಹಿಡಿದು. ಚೆಂದಕ್ಕೆ ಅಂಕ ಇಲ್ಲ. ಕಂಬ ಬಿದ್ದರೆ ಸೆಕೆಂಡು ಸೇರುತ್ತೆ, ಓಡುತ್ತಲೇ ಗರೋಚಾ ತುದಿಯಲ್ಲಿ ಉಂಗುರ ಎತ್ತಿದರೆ ಸೆಕೆಂಡು ಕಳೆಯುತ್ತೆ. ನಮ್ಮವರು ವಿಡಿಯೊದಲ್ಲಿ ನೋಡಿ ಸಿಳ್ಳೆ ಹೊಡೆಯುವುದು ಇದಕ್ಕೇ. ನಾಲ್ಕನೆಯದು ದನದ ಸುತ್ತು, ತಂಡಗಳಿಗೆ. ಹಿಂಡಿನಿಂದ ಗುರುತು ಹಾಕಿದ ಒಂದು ದನವನ್ನು ಬೇರೆ ಮಾಡಿ ದೊಡ್ಡಿಗೆ ಹೊಡೆದುಕೊಂಡು ಹೋಗಬೇಕು, ಉಳಿದವು ಗೆರೆ ದಾಟಬಾರದು.

ಈಗ ಆ ಕೆಂಪು ಕುದುರೆ ಲೆಕ್ಕ. ಹತ್ತು ಸವಾರರು ಇದ್ದಾರೆ ಅನ್ನಿ. ಪ್ರತಿ ಸುತ್ತಲ್ಲೂ ಮೊದಲು ಬಂದವರಿಗೆ 11, ಎರಡನೆಯವರಿಗೆ 9, ಮೂರನೆಯವರಿಗೆ 8, ಹೀಗೇ ಇಳಿಯುತ್ತಾ ಕೊನೆಯವರಿಗೆ 1. ನಿಮ್ಮ ಕೆಂಪು ಕುದುರೆ ವೇಗದಲ್ಲಿ ಮೊದಲು ಬಂದು 11 ತಗೊಂಡಿತು, ಆದರೆ ಮುಂಚಿನ ಎರಡೂ ಸುತ್ತಲ್ಲಿ ಒಂಬತ್ತನೆಯದಾಗಿ ಎರಡೆರಡು. ಒಟ್ಟು 15. ಯಾವ ಸುತ್ತನ್ನೂ ಗೆಲ್ಲದೆ ಮೂರರಲ್ಲೂ ಮೂರನೇ ಸ್ಥಾನ ಬಂದ ಸಮಾಧಾನದ ಕುದುರೆಗೆ 24. ಇದು ನನಗೆ ಸರಿ ಅನ್ನಿಸುತ್ತೆ. ದಿನವಿಡೀ ಜೊತೆಗೆ ದುಡಿಯೋಕೆ ಯಾವ ಕುದುರೆ ಬೇಕು ಅನ್ನೋದಕ್ಕೆ ಇದೇ ನ್ಯಾಯವಾದ ಅಳತೆ.

ಇಂಥ ಕುದುರೆಗೆ ಬೆಲೆ ಕೊಡೋದು ನಮಗೆ ಹೊಸದೂ ಅಲ್ಲ. ಬೆಳಗಾವಿ ಜಿಲ್ಲೆಯ ಅಂಕಲಿಯಿಂದ ಪ್ರತಿ ವರ್ಷ ಜ್ಞಾನೇಶ್ವರರ ಪಾಲಕಿಗೆ ಅಂತ ಆಳಂದಿಗೆ ಕುದುರೆಗಳು ಹೋಗುತ್ತವಲ್ಲ, ಲಕ್ಷಾಂತರ ವಾರಕರಿಗಳ (ಪಂಢರಪುರದ ಯಾತ್ರಿಕರ) ನಡುವೆ, ತಾಳ ಮೃದಂಗದ ಸದ್ದಿನಲ್ಲಿ ರಿಂಗಣ ಅನ್ನೋ ಓಟ ಓಡುತ್ತವೆ. ಬೆದರುವ ಕುದುರೆಯನ್ನು ಅಲ್ಲಿಗೆ ಯಾರು ಕರ್ಕೊಂಡು ಹೋಗ್ತಾರೆ ಹೇಳಿ? ಇಲ್ಲಿ ಗೋಳಗುಮ್ಮಟದ ಮುಂದೆ ಟಾಂಗಾ ಹೊಡೆಯುವವರನ್ನು ಕೇಳಿ. ಬಸ್ಸು ಆಟೋಗಳ ಸಂದಿಯಲ್ಲಿ ಗಾಡಿ ಸಮೇತ ಹಿಂದೆ ಸರಿಯುವ ಕುದುರೆಯ ಬೆಲೆ ಅವರಿಗೆ ಗೊತ್ತು.

ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತೆ, ಇದಕ್ಕೆ ಫಾರಿನ್ ಕುದುರೆ ಬೇಕೇನ್ರೀ ಅಂತ. ಬೇಡ. ಪೋರ್ಚುಗಲ್‌ನವರು ತಮ್ಮ ಲುಸಿಟಾನೊ ತಗೊಂಡು ಬರುತ್ತಾರೆ ನಿಜ, ಆದರೆ ನಿಯಮದಲ್ಲಿ ತಳಿಯ ಕಟ್ಟುಪಾಡು ಇಲ್ಲ. ನಮ್ಮ ಭೀಮಾ ತೀರದ ಭೀಮಥಡಿ ಗಿಡ್ಡ, ಗಟ್ಟಿ, ಮರಾಠಾ ದಂಡಿನಲ್ಲಿ ದುಡಿದ ತಳಿ. ಅದನ್ನು ಈ ಕಂಬಗಳ ನಡುವೆ ನೋಡುವ ಆಸೆ ನನಗೆ ಬಹಳ ಇದೆ. ಒಂದು ಕೈ ಲಗಾಮು ದೊಡ್ಡ ಹಂತದವರಿಗೆ ಮಾತ್ರ. ಹೊಸಬರು ಎರಡೂ ಕೈ ಹಿಡಿದು, ನಡಿಗೆ ದುಡುಕಿಯಲ್ಲೇ ಶುರು ಮಾಡಬಹುದು. ಮನೆಯಲ್ಲಿ ಕುದುರೆ ಇದ್ದರೆ ನಾಲ್ಕು ಬಿದಿರು ಕಂಬ, ಎರಡು ಖಾಲಿ ಡ್ರಮ್, ಗೇಟಿನ ಬದಲು ಎರಡು ಗೂಟಕ್ಕೆ ಕಟ್ಟಿದ ಹಗ್ಗ ಸಾಕು. ಮೊದಲ ವಾರ ಓಡಿಸಲೇಬೇಡಿ. ಹಗ್ಗದ ಪಕ್ಕ ಸುಮ್ನೆ ನಿಲ್ಲೋದು ಕಲಿಸಿ.