ಟಿಕ್ ಟಿಕ್ ಅನ್ನೋ ಫೇಸರ್

ಇವತ್ತು ಟೇಬಲ್ ಮೇಲಿರೋದು ಫೇಸರ್, ಗಿಟಾರ್ ಸದ್ದನ್ನು ಅಲೆಯಂತೆ ತೂಗಿಸೋ ಪೆಡಲ್. ಅದರಲ್ಲಿ ತಂತಿ ಮುಟ್ಟದಿದ್ದರೂ ಟಿಕ್, ಟಿಕ್.
ಸ್ಪೀಡ್ ನಾಬ್ ತಿರುಗಿಸಿದರೆ ಆ ಸದ್ದೂ ಜೊತೆಗೇ ಓಡುತ್ತೆ. ಹಾಗಿದ್ದರೆ ಅನುಮಾನವೇ ಬೇಡ, ಎಲ್‌ಎಫ್‌ಒ, ಅಂದರೆ ಆ ತೂಗಾಟದ ವೇಗ ನಡೆಸೋ ಸರ್ಕ್ಯೂಟ್, ಆಡಿಯೊಗೆ ಸೋರ್ತಿದೆ.

ಅದರ ಆಪ್‌ಆಂಪ್ ಚಿಪ್ಪಿನ ಸ್ಕ್ವೇರ್ ವೇವ್ ಹೊರಳಿದಾಗಲೆಲ್ಲ 9 ವೋಲ್ಟ್ ಲೈನಿನಿಂದ ಒಮ್ಮೆಲೇ ಕರೆಂಟ್ ಎಳೆಯುತ್ತೆ. ಆ ಜಗ್ಗಾಟವೇ ಕಿವಿಗೆ ಬೀಳೋದು.

ಎಲ್‌ಎಫ್‌ಒ ಚಿಪ್ಪಿನ ಸಪ್ಲೈಗೆ ಸೀರೀಸ್‌ನಲ್ಲಿ 100 ಓಮ್ ರೆಸಿಸ್ಟರ್ ಹಾಕಿ. ಚಿಪ್ಪಿನ ಕಾಲಿನ ಹತ್ತಿರವೇ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್. ಅದರ ಗ್ರೌಂಡ್ ವೈರ್ ಬೇರೆಯಾಗಿ ನೇರ ಪವರ್ ಜಾಕಿಗೇ ಹೋಗಲಿ, ಇದನ್ನು ಮಾತ್ರ ಬಿಡಬೇಡಿ.
ಆ ಆಪ್‌ಆಂಪ್ ಚಿಪ್ ಟಿಎಲ್072 ಆಗಿದ್ದರೆ, ಅದರ ಜಾಗಕ್ಕೆ ಟಿಎಲ್062 ಕೂಡ ಚೆನ್ನ. ಪಿನ್‌ಗಳು ಅವೇ, ಕರೆಂಟ್ ತೀರಾ ಕಡಿಮೆ.

ಸ್ಪೀಡ್ ನಾಬ್‌ನ ವೈರುಗಳನ್ನು ಇನ್‌ಪುಟ್ ಜಾಕ್‌ನಿಂದ ದೂರ ಎಳೆದು ಕಟ್ಟಿ.